ಇರೋದೊಂದೇ ಫೋಟೊ

ಪೆನ್‌ಡ್ರೈವ್ ಹಾಕಿದ ಕೂಡಲೇ ಕಂಪ್ಯೂಟರ್ ಮೂರನೇ ಸಲ ಆಫ್ ಆಯಿತು. ಡಿಟಿಪಿ ಅಂಗಡಿಯ ನಯನ ಪೆನ್‌ಡ್ರೈವನ್ನು ಹೊರಗೆಳೆದಳು. ಬೆರಳು ಚುರ್ ಎನ್ನುವಷ್ಟು ಕಾದಿತ್ತು. ಮೊನ್ನೆ ಹೀಗೇ ಕಾದ ಇನ್ನೊಬ್ಬರ ಪೆನ್‌ಡ್ರೈವ್ ಮತ್ತೆ ಓಪನ್ ಆಗಿರಲೇ ಇಲ್ಲ. ವೈರಸ್ ಇತ್ತು ಅಂತ ಹೇಳಿ ಕಳಿಸಿದ್ದಳು.

“ನಮ್ಮನೆಯವಳ್ದು ಇರೋದೇ ಅದ್ರೊಳಗಿರೋ ಒಂದ್ ಪೋಟೊ ಕಣವ್ವ,” ಎಂದರು ಎದುರಿಗೆ ಕೂತಿದ್ದ ಹೆಡತಲೆ ಊರಿನ ದೊಡ್ಡಸಿದ್ದಯ್ಯ. “ಸೋಮಾರ ಅವಳ ತಿಥಿ, ಶಿವಗಣಾರಾಧನೆ. ಕಾರ್ಡಲ್ಲಿ ಅವಳ ಮೊಕ ಬರ್ಬೇಕು.”

ನಯನ ಬಗ್ಗಿ ಸಿಪಿಯು ಮುಂಭಾಗಕ್ಕೆ ಟಾರ್ಚ್ ಬಿಟ್ಟಳು. ಆಯುಧಪೂಜೆಯ ದಿನ ಅವಳೇ ನೀರಲ್ಲಿ ಕಲಸಿ ಎಳೆದಿದ್ದ ವಿಭೂತಿಯ ಮೂರು ಗೆರೆ ಇನ್ನೂ ಹಾಗೇ ಇದ್ದವು. ನಡುವಿನ ಗೆರೆ ಪೆನ್‌ಡ್ರೈವ್ ಹಾಕುವ ಕಿಂಡಿಯ ಮೇಲೇ ಹಾದುಹೋಗಿತ್ತು. ಒಳಗೆ ವಿಭೂತಿ ಗಟ್ಟಿಯಾಗಿ ಕೂತು, ಪಿನ್ನುಗಳು ಬಾಗಿ ಒಂದಕ್ಕೊಂದು ತಗುಲಿಕೊಂಡಿದ್ದವು. ವೈರಸ್ ಅಲ್ಲ, ತನ್ನದೇ ಬೆರಳು.

ದೊಡ್ಡಸಿದ್ದಯ್ಯ ಅವಳ ಕೈಯಿಂದ ಪೆನ್‌ಡ್ರೈವ್ ತಗೊಂಡರು. ತುದಿಗೆ ಮೆತ್ತಿದ್ದ ವಿಭೂತಿ ಕಂಡು ಅದನ್ನು ಎರಡೂ ಕಣ್ಣಿಗೊತ್ತಿಕೊಂಡರು. ಆಮೇಲೆ ಮತ್ತೆ ಅವಳ ಕೈಗೇ ಇಟ್ಟರು.

“ಶಿವ ಅವ್ನೆ. ಇನ್ನೊಂದ್ ಸಲ ಆಕವ್ವ.”