ನಡುಮನೆ

ಕಂದಾಯ ಕಟ್ಟದ ಮನೆಯೊಂದನ್ನು ನಗರಸಭೆ ಹರಾಜು ಹಾಕಿತ್ತು. ಅದನ್ನು ಕೊಂಡವನು ಹಾಸಿಗೆಯ ಸುರುಳಿ ಹೊತ್ತು ಬಂದಾಗ ಒಳಗಿದ್ದ ಹೆಂಗಸು ಬಾಗಿಲಿಗೆ ಅಡ್ಡ ನಿಂತಳು.

“ಕಾಗದ ನೋಡಮ್ಮ, ಮನೆ ನಂದು. ಸಂಜೆಯೊಳಗೆ ನಿಮ್ಮ ಸಾಮಾನೆಲ್ಲ ಬೀದೀಲಿರ್ಬೇಕು.”

“ಆ ಕಾಗದಾನೇ ಹಾಸ್ಕೊಂಡು ನೀನೇ ಬೀದೀಲಿ ಮಲಕ್ಕೋ, ಹೋಗು.”

“ಬಾಡಿಗೆ ಮನೆ ಬಿಟ್ಟು ಬಂದಿದೀನಿ. ಹೆಂಡತಿ ಮಕ್ಕಳು ಛತ್ರದಲ್ಲಿ ಕಾಯ್ತಿದಾರೆ.”

“ಒಳ್ಳೇದಾಯ್ತು. ಅಲ್ಲಿ ಊಟಾನೂ ಹಾಕ್ತಾರೆ.”

“ಮರ್ಯಾದೆ ಕೊಟ್ಟು ಮಾತಾಡು.”

“ಯಾಕೆ, ಹರಾಜಲ್ಲಿ ಅದು ಸಿಗಲಿಲ್ವಾ?”

ಅವನು ಅವಳನ್ನು ಪಕ್ಕಕ್ಕೆ ದೂಡಿ ಒಳಗೆ ನುಗ್ಗಿದ. ನಡುಮನೆಯಲ್ಲಿ ಹಾಸಿಗೆ ಬಿಡಿಸಿ, ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ.

“ನೀವು ಖಾಲಿ ಮಾಡೋ ತನಕ ಇಲ್ಲಿಂದ ಏಳಲ್ಲ. ಎಷ್ಟು ದಿನ ಆದ್ರೂ ಸರಿ.”

ಅವಳು ಕೂಗಾಡಿ ಬೀದಿಯವರನ್ನು ಸೇರಿಸುತ್ತಾಳೆ ಎಂದುಕೊಂಡಿದ್ದ. ಅವಳು ಅವನ ಹಾಸಿಗೆಯ ಅಂಚನ್ನು ಕಾಲಿನಿಂದ ಗೋಡೆಯ ಕಡೆಗೆ ತಳ್ಳಿದಳು, ಅಷ್ಟೆ.

“ಆ ಕಡೆ ಸರಿ. ಇದು ನಾನು ಮಲಗೋ ಜಾಗ.”

“ಹನ್ನೊಂದು ವರ್ಷದಿಂದ ಒಂದು ಕಾಸು ಕಂದಾಯ ಕಟ್ಟಿಲ್ಲ, ಮಾತು ನೋಡು. ನಾಚಿಕೆ ಆಗಲ್ವಾ ನಿಂಗೆ?”

“ನಡುಮನೇಲಿ ಇರೋಳು ಇಡೀ ಮನೆಗೆ ಯಾಕೆ ಕಟ್ಲಿ?”

ಅಡುಗೆಮನೆಯ ಮುಚ್ಚಿದ ಬಾಗಿಲ ಹಿಂದೆ ಒಗ್ಗರಣೆ ಚಟಪಟ ಸಿಡಿಯಿತು. ಯಾರೋ ಗಂಡಸು ಕೆಮ್ಮಿದ. ಬಳೆಯ ಸದ್ದೂ ಕೇಳಿಸಿತು.

“ಒಳಗ್ಯಾರು? ಅವರನ್ನೂ ಹೊರಗೆ ಕರಿ, ಮೊದಲು.”

“ಹನ್ನೊಂದು ವರ್ಷದಿಂದ ಕರೀತಾನೇ ಇದೀನಿ,” ಎಂದಳು ಅವಳು. “ಅವರು ಈ ಮನೆಯ ಹಳೇ ಮಾಲೀಕರು. ನಾನೂ ಇದನ್ನ ಹರಾಜಲ್ಲಿ ಕೊಂಡೇ ಬಂದೋಳು.”