ಸೋತವನ ಮೈಮೇಲಿನ ಗುಲಾಲು

ಮಂಡಲ ಪಂಚಾಯ್ತಿ ಕಚೇರಿಯ ಬಾಗಿಲು ತೆರೆದು ಅಂದಪ್ಪ ಹೊರಗೆ ಕಾಲಿಟ್ಟದ್ದೇ ತಡ, ಹಲಗೆಯ ಸದ್ದು ಎದ್ದಿತು. ಏನು ಎತ್ತ ಎಂದು ಕೇಳುವ ಮೊದಲೇ ಅವನ ಕಡೆಯವರು ಅವನನ್ನು ಹೆಗಲಿಗೇರಿಸಿದರು. ಜಯವಾಗಲಿ ಎಂಬ ಕೂಗು ಅಮೀನಗಡದ ರಸ್ತೆಯವರೆಗೆ ಹೋಯಿತು. ಆದರೆ ಅಂದಪ್ಪ ಸೋತಿದ್ದ.

ಸೋತದ್ದು ಒಂದೇ ವೋಟಿಗೆ. ಎಂಬತ್ತೇಳರ ಮೊದಲ ಮಂಡಲ ಚುನಾವಣೆ ಅದು. ಪ್ರಧಾನನನ್ನು ಆರಿಸಲು ಸದಸ್ಯರೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದರು. ಹುನಗುಂದದಿಂದ ಬಂದಿದ್ದ ಸಾಹೇಬರು ಚೀಟಿ ಎಣಿಸಿ ಎದುರಾಳಿ ಕಲ್ಲಪ್ಪನ ಹೆಸರು ಹೇಳಿದಾಗ, ಅವನ ಕಡೆಯ ಸದಸ್ಯರು ಅಲ್ಲೇ ಅವನ ಮುಖಕ್ಕೆ ಗುಲಾಲು ಮೆತ್ತಿದರು. ಕಲ್ಲಪ್ಪ ಬಂದು ಅಂದಪ್ಪನ ಕಾಲು ಮುಟ್ಟಿದ. ಸಾಹೇಬರು ನೋಡುತ್ತಿದ್ದರಲ್ಲ, ಅಂದಪ್ಪ ದೊಡ್ಡ ಮನುಷ್ಯನ ಹಾಗೆ ಅವನನ್ನು ಎಬ್ಬಿಸಿ ಅಪ್ಪಿಕೊಂಡ. ಆ ಅಪ್ಪುಗೆಯಲ್ಲಿ ಗುಲಾಲು ತನ್ನ ಕೆನ್ನೆಗೂ ಬಿಳಿ ಟೊಪ್ಪಿಗೆಗೂ ಹತ್ತಿದ್ದು ಅವನಿಗೆ ತಿಳಿಯಲೇ ಇಲ್ಲ. ಸಾಹೇಬರು ಬರೆದು ಮುಗಿಸುವ ಮೊದಲೇ ಎದ್ದು ಬಂದುಬಿಟ್ಟಿದ್ದ. ಹೊರಗೆ ಕಾಯುತ್ತಿದ್ದ ಅವನ ಕಡೆಯವರು ಆ ಗುಲಾಲು ನೋಡಿಯೇ ಗೆದ್ದನೆಂದು ತಿಳಿದಿದ್ದರು.

ಆಚೆ ಬೇವಿನ ಗಿಡದ ಕೆಳಗೆ ಕಲ್ಲಪ್ಪನ ಮಂದಿ ನಿಂತಿದ್ದರು. ಅವರ ಬದಿಯ ಕಿಟಕಿಯಿಂದ ಒಳಗಿನ ಸುದ್ದಿ ಆಗಲೇ ಅವರಿಗೆ ಮುಟ್ಟಿತ್ತು. ಗೆದ್ದವನು ತಮ್ಮ ಹುಡುಗ, ಗುಲಾಲು ನೋಡಿದರೆ ಅಂದಪ್ಪನ ಮುಖದ ಮೇಲೆ. ಮೋಸ ಎಂದು ಯಾರೋ ಕೂಗಿದರು. ಕಲ್ಲಪ್ಪನ ಅಪ್ಪ ದುರಗಪ್ಪ, ಎಂದೂ ಅಂದಪ್ಪನ ಎದುರು ತಲೆ ಎತ್ತದವನು, ಬಡಿಗೆ ಹಿಡಿದು ಎಲ್ಲರ ಮುಂದೆ ಬಂದು ನಿಂತ. ನಡುವೆ ಇದ್ದವರು ಇಬ್ಬರೇ ಪೊಲೀಸರು, ಅವರೂ ಮೆಲ್ಲಗೆ ಗೋಡೆಗೆ ಸರಿದರು.

"ಇಳಸ್ರಲೇ ನನ್ನ" ಎಂದ ಅಂದಪ್ಪ. ಹಲಗೆಯ ಸದ್ದಿನಲ್ಲಿ ಅದು ಕೇಳಿಸಿದ್ದು ಕೆಳಗೆ ಹೆಗಲು ಕೊಟ್ಟಿದ್ದ ತಮ್ಮನ ಮಗ ಮಹಾಗುಂಡಪ್ಪನಿಗೆ ಮಾತ್ರ. "ನಾ ಸೋತೇನೋ. ಕಲ್ಲಪ್ಪ ಗೆದ್ದಾನ."

ಮಹಾಗುಂಡಪ್ಪ ದೊಡ್ಡಪ್ಪನ ಕಾಲನ್ನು ಇನ್ನೂ ಬಿಗಿಯಾಗಿ ಹಿಡಿದ.

"ಸುಮ್ನ ಕುಂಡ್ರು ದೊಡ್ಡಪ್ಪ. ಇಷ್ಟು ಮಂದಿ ನಿನ್ನ ಎತ್ತ್ಯಾರ, ಒಳಗಿನ ಚೀಟಿ ಯಾಂವ ಕೇಳ್ತಾನ? ಸಾಹೇಬ್ರು ಸಂಜಿ ಬಸ್ಸಿಗೆ ಹೋಗವ್ರು. ಊರು ನಮ್ಮದು."

ಮಾತು ಸುಳ್ಳಲ್ಲ. ಅಂದಪ್ಪನೇನು ಕಲ್ಲಲ್ಲ, ಆಸೆ ಆಯಿತು. ಇಪ್ಪತ್ತು ವರ್ಷ ಹಳೆಯ ಪಂಚಾಯ್ತಿಯ ಚೇರ್ಮನ್ ಆಗಿ ಮೆರೆದವನು. ಹೋಟೆಲಿನ ಕಟ್ಟೆಯ ಮೇಲೆ ರೇಡಿಯೊ ವಾರ್ತೆ ಮುಗಿದ ಮೇಲೆ ಊರಿಗೆ ತಿಳಿಹೇಳುತ್ತಿದ್ದವನೂ ಅವನೇ: ಯಾವ ದೇಶದ ಸರ್ಕಾರ ಯಾಕೆ ಉರುಳಿತು, ನಮ್ಮದು ಯಾಕೆ ನಿಂತಿದೆ ಎಂದು. ಅಲ್ಲಿ ದಂಡಿನವರಿಗೆ ಆಸೆ ಹೆಚ್ಚು, ಅಲ್ಲಿಯ ಮಂದಿಗೆ ಓದಿಲ್ಲ, ನಮ್ಮ ಕಾಯ್ದೆ ಗಟ್ಟಿ ಎನ್ನುತ್ತಿದ್ದ. ಈಗ ಹೆಗಲ ಮೇಲೆ ಕೂತು ನೋಡಿದರೆ ಕಾಯ್ದೆ ಎಲ್ಲೂ ಕಾಣಲಿಲ್ಲ. ತಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಕುರ್ಚಿ ತನ್ನದು, ಮತ್ತು ಸಂಜೆಯೊಳಗೆ ಇಲ್ಲಿ ಹೆಣ ಬೀಳುತ್ತವೆ. ದೇಶ ಕೆಡುವುದು ಇಷ್ಟು ಸಲೀಸೆಂದು ಅವನಿಗೆ ಗೊತ್ತಿರಲಿಲ್ಲ. ಅವನಿಗೆ ತನ್ನ ಬಗ್ಗೆಯೇ ಭಯ ಹತ್ತಿತು.

ಟೊಪ್ಪಿಗೆ ತೆಗೆದು, ಎಲ್ಲರೂ ನೋಡುವಂತೆ ಅದರಿಂದಲೇ ಮುಖದ ಗುಲಾಲು ತಿಕ್ಕಿ ಒರೆಸಿದ. ಹಲಗೆ ಒಂದೊಂದಾಗಿ ನಿಂತವು.

"ನಾ ಸೋತೇನಿ" ಎಂದ. "ಕಲ್ಲಪ್ಪ ನಮ್ಮ ಪ್ರಧಾನ."

ಹೊತ್ತವರ ಕೈ ಸಡಿಲಾದವು. ಮಹಾಗುಂಡಪ್ಪ ಥೂ ಎಂದು ಕಾಲು ಬಿಟ್ಟುಬಿಟ್ಟ. ಅಂದಪ್ಪ ದೊಪ್ಪನೆ ಮಣ್ಣಿಗೆ ಬಿದ್ದ. ಜಯಕಾರ ಹಾಕಿದವರಲ್ಲಿ ಒಬ್ಬನೂ ಬಗ್ಗಲಿಲ್ಲ.

ಬಗ್ಗಿದವನು ದುರಗಪ್ಪ. ಭಾರದ ಆಳನ್ನು ಎಬ್ಬಿಸಲು ಎರಡೂ ಕೈ ಬೇಕಿತ್ತು, ಬಡಿಗೆಯನ್ನು ಕೆಳಗಿಟ್ಟ.