ಕೊಕ್ಕರೆಯ ಬೂಟು

ಜಿಪ್ಪು ಅಕ್ಕನ ಮೀನಖಂಡದವರೆಗೆ ಬಂದು ಅಲ್ಲೇ ಹಠ ಹಿಡಿದು ನಿಂತಿತು. ಅಕ್ಕ ಉಸಿರು ಬಿಗಿಹಿಡಿದು ಎಳೆದಳು, ಅಂಗಡಿಯವಳು ಮಂಡಿಯೂರಿ ಎಳೆದಳು. ಊಹೂಂ. ಮೊಣಕಾಲುದ್ದದ ಬೂಟು; ದ್ರಾಕ್ಷಿ ಕಪ್ಪಾಗುವುದಕ್ಕೆ ಮುಂಚೆ ಒಂದು ಕೆಂಪಿರುತ್ತದಲ್ಲ, ಆ ಬಣ್ಣ; ಎರಡು ಬೆರಳೆತ್ತರದ ಹಿಮ್ಮಡಿ.

"ನಾನು ಕಾಲು ತೂರಿಸಿ ಸ್ವಲ್ಪ ಸಡಿಲ ಮಾಡಿಕೊಡ್ಲಾ ಅಕ್ಕ?" ಎಂದ ಪಕ್ಕದಲ್ಲಿ ಕೂತಿದ್ದ ತಮ್ಮ, ತನಗೇನೂ ಆಸೆಯಿಲ್ಲದವನ ಹಾಗೆ.

"ಕಡ್ಡಿ ತೂರಿಸಿದ್ರೆ ಗೋಣಿಚೀಲ ಸಡಿಲ ಆಗುತ್ತೇನೋ?" ಎಂದಳು ಅಕ್ಕ. ಆದರೂ ಬಿಚ್ಚಿ ಕೊಟ್ಟಳು.

ಈ ತಮ್ಮ ಬೀದಿಯ ಕೊನೆಯ ಸೆಲೂನಿನ ಕ್ಷೌರಿಕ. ಆಳು ಉದ್ದ, ಕಾಲು ಸಪೂರ, ಪಾದ ಮಾತ್ರ ಅಕ್ಕನ ಅಳತೆಯದೇ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಜೊತೆ ಚಪ್ಪಲಿಯನ್ನು ಸರದಿಯ ಮೇಲೆ ಸವೆಸಿದವರು. ಯಾವತ್ತೋ ಒಂದು ದಿನ ಚಡ್ಡಿಯಲ್ಲಿ ಸೆಲೂನು ಗುಡಿಸುತ್ತಿದ್ದವನನ್ನು, ಕಂಡವರಿಗೆಲ್ಲ ಅಡ್ಡಹೆಸರು ಇಡುವ ಅದೇ ಬೀದಿಯ ಕಂಟ್ರಾಕ್ಟರು ನೋಡಿ 'ಕೊಕ್ಕರೆ' ಎಂದದ್ದೇ ತಡ, ಹೆತ್ತವರು ಇಟ್ಟ ಹೆಸರು ಆಮೇಲೆ ಮನೆಯ ಹೊಸ್ತಿಲು ದಾಟಲಿಲ್ಲ. ಅಂದಿನಿಂದ ಇವನಿಗೆ ಒಂದೇ ಹುಚ್ಚು: ಈ ಕಾಲಿಗೂ ಒಂದು ಗತ್ತು ತಂದುಕೊಡುವ ಎತ್ತರದ ಬೂಟು. ಗಂಡಸರ ಸಾಲಿನಲ್ಲಿ ಅವನು ತಡಕಾಡದ ಅಂಗಡಿಯಿಲ್ಲ. ಕುದುರೆ ಸವಾರರ ಬೂಟು ಹಾಕಿ ನಿಂತರೆ ಬಕೆಟ್ಟಿನಲ್ಲಿ ಪೊರಕೆ ನಿಲ್ಲಿಸಿದ ಹಾಗೆ ಕಾಣುತ್ತಿತ್ತು.

ಈಗ ಜಿಪ್ಪು ಒಂದೇ ಉಸಿರಿಗೆ ಮೊಣಕಾಲಿಗೆ ಹತ್ತಿ ಕೂತಿತು. ಮೆತ್ತನೆ ಚರ್ಮ ಕಾಲನ್ನು ತಬ್ಬಿಕೊಂಡಿತು. ಎದ್ದು ನಿಂತ. ಅಂಗಡಿಯ ಕನ್ನಡಿಯೊಳಗೆ ಯಾವನೋ ಸೇನಾಪತಿ ನಿಂತಿದ್ದ.

"ಅದು ಲೇಡೀಸು, ಸಾರ್," ಎಂದಳು ಅಂಗಡಿಯವಳು ಮೆಲ್ಲಗೆ.

"ಕಾಲಿಗೆ ಇನ್ನೂ ಗೊತ್ತಾಗಿಲ್ಲ, ಹೇಳೋಕೆ ಹೋಗ್ಬೇಡಮ್ಮ."

ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. ನಗಲಿಲ್ಲ. "ಬಿಚ್ಬೇಡ. ಹಾಗೇ ನಡಿ. ನಿನ್ನ ಹಳೇ ಚಪ್ಪಲೀನ ಡಬ್ಬದಲ್ಲಿ ಹಾಕಿಸ್ಕೋತೀನಿ."

ಬೀದಿಗೆ ಬಂದವನೇ ದೊಗಳೆ ಪ್ಯಾಂಟನ್ನು ಸರ್ರನೆ ಬೂಟಿನ ಮೇಲೆ ಇಳಿಬಿಟ್ಟ.

"ಯಾಕೋ, ಏನಾಯ್ತು?"

"ಕಂಟ್ರಾಕ್ಟರ ಬಾಯಿಗೆ ಸಿಕ್ಕಿದ್ರೆ ಇನ್ನೊಂದು ಹೆಸರು ಇಡ್ತಾರೆ ಅಕ್ಕ. ಕೊಕ್ಕರೇನ ಹೇಗೋ ಅರಗಿಸ್ಕೊಂಡೆ. ಇನ್ನೊಂದು ನನ್ನ ಕೈಲಾಗಲ್ಲ."

"ಹಾಗಾದ್ರೆ ಕಪಾಟಿನಲ್ಲಿಟ್ಟು ನೋಡ್ತಾ ಕೂರ್ತೀಯಾ?"

"ಛೆ, ನಾಳೆಯಿಂದ ಕೆಲಸಕ್ಕೇ ಹಾಕ್ಕೊಂಡು ಹೋಗ್ತೀನಿ. ಸೆಲೂನಿನ ಕನ್ನಡಿ ಸೊಂಟದಿಂದ ಮೇಲೆ ತಾನೆ? ಗಿರಾಕಿ ಕಣ್ಣೆಲ್ಲ ಅವನ ಮುಖದ ಮೇಲೇ ಇರುತ್ತೆ. ನನ್ನ ಕಾಲು ಯಾರಿಗೆ ಬೇಕು?"

ಲೆಕ್ಕಾಚಾರ ಚೆನ್ನಾಗಿಯೇ ಇತ್ತು. ಆದರೆ ಕುತ್ತಿಗೆಗೆ ರೇಜರ್ ಇಡುವ ಮುಂಚೆ ಎಲ್ಲರ ತಲೆಯನ್ನೂ ತಾನೇ ಕೈಯಾರೆ ಬಗ್ಗಿಸುತ್ತೇನೆ, ತಲೆ ಬಗ್ಗಿದವನಿಗೆ ಕನ್ನಡಿ ಕಾಣದು, ನೆಲ ಕಾಣುತ್ತದೆ ಎಂಬುದನ್ನು ಪುಣ್ಯಾತ್ಮ ಮರೆತೇಬಿಟ್ಟಿದ್ದ. ಸಾಲದ್ದಕ್ಕೆ ಉದ್ದ ಆಳು. ಕುರ್ಚಿಯ ಪಕ್ಕಕ್ಕೆ ಬಂದು, ಒಂದು ಕಾಲನ್ನು ಕಾಲುಮಣೆಯ ಮೇಲೆ ಊರಿ, ಸೊಂಟ ಬಗ್ಗಿಸಿದರೇ ಅವನಿಗೆ ಕೆಲಸ ಸಾಗುವುದು. ಮಾರನೆಯ ಬೆಳಿಗ್ಗೆಯೂ ಅಭ್ಯಾಸಬಲದಿಂದ ಹಾಗೇ ಊರಿದ. ಪ್ಯಾಂಟು ಮೇಲಕ್ಕೆ ಜಾರಿತು. ಕುರ್ಚಿಯಲ್ಲಿ ತಲೆ ಬಗ್ಗಿಸಿ ಕೂತಿದ್ದವರು ಬೇರಾರೂ ಅಲ್ಲ, ಕಂಟ್ರಾಕ್ಟರೇ.

"ಏನೋ ಕೊಕ್ಕರೆ! ಇದು ಆ ಅಂಗಡಿ ಗಾಜಿನೊಳಗಿದ್ದ ಬೂಟಲ್ವೇನೋ? ನನ್ನ ಹೆಂಡತಿ ಬೇಕು ಬೇಕು ಅಂತಿದ್ದಳು. ಹೆಂಗಸರದ್ದು ಕಣೋ!"

ಬೆಂಚಿನ ಮೇಲೆ ಕಾಯುತ್ತಿದ್ದವರ ಕೈಯ ಪತ್ರಿಕೆಗಳು ಒಂದೊಂದಾಗಿ ಕೆಳಗಿಳಿದವು. ಅವನ ಕಾಲು ಇನ್ನೂ ಕಾಲುಮಣೆಯ ಮೇಲೇ ಇತ್ತು. ಕಾಲು ಹಿಂದಕ್ಕೆ ಎಳೆದುಕೊಂಡರೆ ಮುಗಿಯಿತು, ಆ ಕಾಲು ಇನ್ನು ಜನ್ಮದಲ್ಲಿ ಮುಂದಕ್ಕೆ ಬರುವುದಿಲ್ಲ. ಎಳೆದುಕೊಳ್ಳಲಿಲ್ಲ.

"ಅಲುಗಾಡ್ಬೇಡಿ ಸಾರ್, ರೇಜರ್ ಕುತ್ತಿಗೆ ಮೇಲಿದೆ. ನಗೋದಾದ್ರೆ ಮೊದಲೇ ಹೇಳಿ, ಕೈ ತೆಗೀತೀನಿ."

ಕಂಟ್ರಾಕ್ಟರು ಉಸಿರೂ ಆಡಲಿಲ್ಲ. ಅವನು ಕುತ್ತಿಗೆಯ ಕೆಲಸವನ್ನು ಕೊನೆಯ ಎಳೆಯವರೆಗೂ ಮುಗಿಸಿ, ರೇಜರನ್ನು ಒರೆಸಿ ಗೂಡಿನಲ್ಲಿಟ್ಟ. ಆಮೇಲೆ ಬಗ್ಗಿ, ಪ್ಯಾಂಟಿನ ಅಂಚನ್ನು ಅಚ್ಚುಕಟ್ಟಾಗಿ ಮಡಚಿ ಬೂಟಿನೊಳಕ್ಕೆ ಸೇರಿಸಿದ. ಮೊದಲು ಈ ಕಾಲು, ಆಮೇಲೆ ಆ ಕಾಲು. ನೆಟ್ಟಗೆ ನಿಂತ. ಉದುರಿದ ಕೂದಲಿನ ಮೇಲೆ ಬಾಗಿಲವರೆಗೆ ನಡೆದು ಹೋದ, ನಡೆದು ಬಂದ. ಟಕ್, ಟಕ್, ಟಕ್.

"ಹೆಂಗಸರದ್ದೇ ಸಾರ್. ಈಗ ನಗಿ. ಹೆಸರು ಇಡೋದಾದ್ರೂ ಸರಿಯಾಗಿ ನೋಡಿಯೇ ಇಡಿ."

ಅರ್ಧ ಬೀದಿಗೆ ನಾಮಕರಣ ಮಾಡಿದ್ದ ಕಂಟ್ರಾಕ್ಟರು ಬಾಯಿ ತೆರೆದರು. ಬೂಟು ನೋಡಿದರು. ಬೂಟಿನಿಂದ ಮೇಲಕ್ಕೆ ನೋಡಿದರು. ನೋಡಲಿಕ್ಕೆ ಬಹಳ ಎತ್ತರವಿತ್ತು. ಏನೂ ಹೊಳೆಯದೆ ಬಾಯಿ ಮುಚ್ಚಿದರು. ಬೆಂಚಿನಿಂದ ಯಾರೋ, "ಏನ್ ಗತ್ತು ಮಾರಾಯ!" ಎಂದು ಗೊಣಗಿಕೊಂಡರು.

ಅವನು ಬಟ್ಟೆ ಕೊಡವಿ, "ಆಯ್ತು ಸಾರ್, ಮುಂದಿನವರು ಬನ್ನಿ," ಎಂದ.

ಕಂಟ್ರಾಕ್ಟರು ಏಳಲಿಲ್ಲ. ನುಣ್ಣಗಾದ ಕುತ್ತಿಗೆಯನ್ನು ಸವರಿಕೊಂಡು, "ಹಿಂದುಗಡೆ ಇನ್ನೂ ಸ್ವಲ್ಪ ಉಳಿದ ಹಾಗಿದೆ, ನೋಡಪ್ಪ," ಎಂದು, ಯಾರೂ ಹೇಳದಿದ್ದರೂ ಮತ್ತೆ ತಲೆ ಬಗ್ಗಿಸಿದರು.